ಆನ್‌ಲೈನ್‌ನಲ್ಲಿ ತರಿಸಿದ ಸೆಲ್ಲು ಅಸಲಿಯೋ ನಕಲಿಯೋ? ತಕ್ಕಡಿ ಮೇಲೆ ಇಟ್ಟು ನೋಡಿ

ಮಲ್ಲಂದೂರು: ಮಳೆಗಾಲ ಹಿಡಿಯಿತು ಅಂದರೆ ಮಲ್ಲಂದೂರು, ಆಲ್ದೂರು, ಮೂಡಿಗೆರೆ, ಕಳಸ ಕಡೆಯ ತೋಟದ ಮನೆಗಳಲ್ಲಿ ಮೊದಲು ಹುಡುಕುವುದು ಬ್ಯಾಟ್ರಿಯನ್ನು. ಗಾಳಿಗೆ ಮರ ಲೈನ್ ಮೇಲೆ ಬಿದ್ದರೆ ಮೆಸ್ಕಾಂನವರು ಬಂದು ಸರಿ ಮಾಡುವ ತನಕ ಅದೇ ಗತಿ. ಕೊಟ್ಟಿಗೆಗೆ ಹೋಗುವಾಗಲೋ, ಆನೆ ಓಡಾಡುವ ದಾರಿಯಲ್ಲಿ ಲೈನ್ ಮನೆಗೆ ನಡೆಯುವಾಗಲೋ ಹತ್ತೇ ನಿಮಿಷಕ್ಕೆ ಬೆಳಕು ಮಂಕಾದರೆ ಅದು ಬರೀ ದುಡ್ಡು ಹೋದ ಲೆಕ್ಕ ಅಲ್ಲ.

ಮಲೆನಾಡಿನ ಮಾತಲ್ಲಿ ಬ್ಯಾಟ್ರಿ ಅಂದರೆ ಟಾರ್ಚು, ಒಳಗೆ ಹಾಕೋದು ಸೆಲ್ಲು. ಈ ಸೆಲ್ಲನ್ನೂ ಈಗ ಜನ ಮೊಬೈಲಲ್ಲೇ ಆರ್ಡರ್ ಮಾಡ್ತಿದ್ದಾರೆ. ದೊಡ್ಡ ಪ್ಯಾಕ್ ಅಗ್ಗಕ್ಕೆ ಸಿಗುತ್ತೆ ಅನ್ನೋದು ನಿಜ. ಆದರೆ ಅಂಗಡಿಯಲ್ಲಿ ಕೈಗೆ ತಗೊಂಡು ತಿರುಗಿಸಿ ನೋಡಿ ಬೇಡ ಅಂತ ವಾಪಸ್ ಇಡಬಹುದು. ಫೋಟೊ ನೋಡಿ ಕೊಳ್ಳುವಾಗ ಆ ಅವಕಾಶ ಇಲ್ಲ. ನಕಲಿ ಮಾಲು ಮಾರುವವರಿಗೆ ಬೇಕಿರೋದೂ ಅದೇ.

ಹೊರಗೆ ಒಂದು, ಒಳಗೆ ಇನ್ನೊಂದು

ಅಂಗಡಿಯಲ್ಲಿ ಸಿಗುವ ಸೆಲ್ಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಕಾರ್ಬನ್ ಸೆಲ್ಲು, ಬೆಲೆ ಕಡಿಮೆ. ಇನ್ನೊಂದು ಅಲ್ಕಲೈನ್, ಬೆಲೆ ಜಾಸ್ತಿ, ಬಾಳಿಕೆ ಹಲವು ಪಟ್ಟು. ಗೋಡೆ ಗಡಿಯಾರಕ್ಕೆ, ಟಿವಿ ರಿಮೋಟಿಗೆ ಕಾರ್ಬನ್ ಸೆಲ್ಲು ಧಾರಾಳ ಸಾಕು, ಅದನ್ನು ನಕಲಿ ಅನ್ನಬಾರದು. ಪ್ಯಾಕ್ ಮೇಲೆ ‘ಹೆವಿ ಡ್ಯೂಟಿ’ ಅಂತ ಇದ್ದರೂ ಅದು ಸಾಮಾನ್ಯವಾಗಿ ಕಾರ್ಬನ್ ಜಾತಿಯದೇ. ಹೆಸರು ಮಾತ್ರ ಭಾರೀ. ಮೋಸ ಆಗೋದು ಕಾರ್ಬನ್ ಸೆಲ್ಲಿಗೆ ಹೆಸರಾಂತ ಕಂಪನಿಯ ಅಲ್ಕಲೈನ್ ಅಂಗಿ ತೊಡಿಸಿದಾಗ.

ಇದನ್ನು ಹಿಡಿಯೋಕೆ ಮೊದಲು ನೋಡಬೇಕಾದ್ದು ಸೆಲ್ಲಿನ ಮೇಲಿನ ಚಿಕ್ಕ ಅಕ್ಷರ. ಅಲ್ಕಲೈನ್ ಪೆನ್ ಸೆಲ್ಲಿನ ಮೇಲೆ ‘ಎಲ್‌ಆರ್6’ ಅಂತ ಇರುತ್ತೆ, ಕಾರ್ಬನ್ ಆದರೆ ಬರೀ ‘ಆರ್6’. ಸಣ್ಣ ಎಎಎ ಸೆಲ್ಲಿಗೆ ‘ಎಲ್‌ಆರ್03’ ಮತ್ತು ‘ಆರ್03’, ದೊಡ್ಡ ಟಾರ್ಚ್ ಸೆಲ್ಲಿಗೆ ‘ಎಲ್‌ಆರ್20’ ಮತ್ತು ‘ಆರ್20’. ಮುಂದಿನ ‘ಎಲ್’ ಅಕ್ಷರವೇ ಅಲ್ಕಲೈನ್ ಗುರುತು, ಜಗತ್ತಿನ ಎಲ್ಲ ಕಡೆ ಇದೇ ಲೆಕ್ಕ. ಪ್ಯಾಕ್ ಮೇಲೆ ಅಲ್ಕಲೈನ್ ಅಂತ ದಪ್ಪಕ್ಷರದಲ್ಲಿ ಹಾಕಿ, ಸೆಲ್ಲಿನ ಮೇಲೆ ‘ಎಲ್’ ಇಲ್ಲದ ‘ಆರ್6’ ಇದ್ದರೆ ಅಲ್ಲಿಗೆ ಕಥೆ ಮುಗೀತು.

ಚಾಲಾಕಿ ನಕಲಿಯವನು ಅಕ್ಷರವನ್ನೂ ಸರಿಯಾಗಿ ಅಚ್ಚು ಹಾಕಿಸಿರುತ್ತಾನೆ. ಆದರೆ ತೂಕ ತುಂಬಿಸೋಕೆ ಅವನಿಗೆ ಖರ್ಚಾಗುತ್ತೆ. ಒಂದು ಎಎ ಅಲ್ಕಲೈನ್ ಸೆಲ್ಲು ಸುಮಾರು 23 ಗ್ರಾಂ ತೂಗುತ್ತದೆ, ಕಾರ್ಬನ್ ಆದರೆ 15ರಿಂದ 18 ಗ್ರಾಂ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದೇ ಸೆಲ್ಲಿನ ತೂಕ ಸರಿಯಾಗಿ ಸಿಗದೇ ಇರಬಹುದು, ನಾಲ್ಕನ್ನು ಒಟ್ಟಿಗೆ ಇಡಿ. 90 ಗ್ರಾಂ ಆಸುಪಾಸು ಬಂದರೆ ಸರಿ. 60–70 ಗ್ರಾಂನಲ್ಲೇ ನಿಂತರೆ ಒಳಗಿರೋದು ಅಲ್ಕಲೈನ್ ಅಲ್ಲ. ದೊಡ್ಡ ಟಾರ್ಚ್ ಸೆಲ್ಲು ಅಲ್ಕಲೈನ್ ಆದರೆ ಒಂದೇ 135 ಗ್ರಾಂ ಹತ್ತಿರ ಬರುತ್ತೆ.

ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಹಿಡಿಸಿ 1.5 ವೋಲ್ಟ್ ಬಂತು ಅಂತ ಸಮಾಧಾನ ಪಡೋರಿದ್ದಾರೆ. ಹೊಸ ಕಾರ್ಬನ್ ಸೆಲ್ಲೂ ಅಷ್ಟೇ ವೋಲ್ಟ್ ತೋರಿಸುತ್ತೆ, ಅದರಿಂದ ಜಾತಿ ಗೊತ್ತಾಗಲ್ಲ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ‘ನೆಲಕ್ಕೆ ಬೀಳಿಸಿ ನೋಡಿ, ಪುಟಿದರೆ ನಕಲಿ’ ಅನ್ನೋ ಉಪಾಯವೂ ಪೂರ್ತಿ ಸರಿಯಲ್ಲ. ಅಲ್ಕಲೈನ್ ಸೆಲ್ಲು ಬಳಸಿದ ಮೇಲೆ ಒಳಗಿನ ಸತುವಿನ ಅಂಟು ಗಟ್ಟಿಯಾಗಿ ಪುಟಿಯುತ್ತದೆ, ಅರ್ಧ ಖಾಲಿಯಾದದ್ದೂ ಪುಟಿಯುತ್ತದೆ. ಹೊಸದು ಅಂತ ಕೊಟ್ಟ ಅಲ್ಕಲೈನ್ ಸೆಲ್ಲು ಪುಟಿದರೆ ಅದು ಬಳಸಿದ್ದು ಅಂತ ಅನುಮಾನ ಪಡಬಹುದು, ಅಷ್ಟೇ.

ಆರ್ಡರ್ ಒತ್ತುವ ಮೊದಲು

ಆ್ಯಪ್‌ನ ಹೆಸರು ದೊಡ್ಡದು ಅಂದ ಮಾತ್ರಕ್ಕೆ ಮಾಲು ಅವರದ್ದೇ ಅಂತ ತಿಳಿಯಬೇಡಿ. ಮಾರುವವನು ಬೇರೆ ಇರುತ್ತಾನೆ. ‘ಸೋಲ್ಡ್ ಬೈ’ ಅನ್ನೋ ಜಾಗದಲ್ಲಿ ಯಾರ ಹೆಸರಿದೆ, ವಿಳಾಸ ಇದೆಯಾ, ತಯಾರಾದ ದೇಶ ಯಾವುದು ಅಂತ ನೋಡಿ. 2020ರ ಇ–ಕಾಮರ್ಸ್ ನಿಯಮದ ಪ್ರಕಾರ ಇವನ್ನು ತೋರಿಸಲೇಬೇಕು. ಎವರೆಡಿ, ನಿಪ್ಪೊ, ಡ್ಯೂರಾಸೆಲ್, ಪ್ಯಾನಸೋನಿಕ್ ಯಾವುದೇ ಇರಲಿ, ಊರಿನ ಅಂಗಡಿ ಬೆಲೆಗಿಂತ ಅರ್ಧಕ್ಕೆ ಸಿಗುತ್ತಿದ್ದರೆ ಯಾಕೆ ಅಂತ ಕೇಳಿಕೊಳ್ಳಿ. ರಿವ್ಯೂಗಳಲ್ಲಿ ಒಂದು ಸ್ಟಾರ್ ಕೊಟ್ಟವರದ್ದನ್ನೇ ಮೊದಲು ಓದಿ.

ದೊಡ್ಡ ಗೋದಾಮುಗಳಲ್ಲೂ ಮಾನದಂಡಕ್ಕೆ ಸಲ್ಲದ ಮಾಲು ಸಿಕ್ಕಿದ್ದುಂಟು. 2025ರ ಮಾರ್ಚ್‌ನಲ್ಲಿ ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್ ಅಧಿಕಾರಿಗಳು ದೆಹಲಿಯಲ್ಲಿ ಅಮೆಜಾನ್ ಗೋದಾಮಿನಿಂದ 3,500ಕ್ಕೂ ಹೆಚ್ಚು ವಿದ್ಯುತ್ ವಸ್ತುಗಳನ್ನು ವಶಕ್ಕೆ ಪಡೆದಿದ್ದರು. ಫ್ಲಿಪ್‌ಕಾರ್ಟ್‌ನ ಅಂಗಸಂಸ್ಥೆಯ ಗೋದಾಮಿನಲ್ಲೂ ಮಾಲು ಹಿಡಿದಿದ್ದರು. ಅಲ್ಲಿ ಸುದ್ದಿಯಾದದ್ದು ಗೀಸರ್, ಮಿಕ್ಸಿ, ಶೂಗಳು, ಸೆಲ್ಲಲ್ಲ. ಆದರೆ ಐಎಸ್‌ಐ ಗುರುತನ್ನು ಫೋಟೊದಲ್ಲಿ ನೋಡಿ ನಂಬಿದರೆ ಸಾಲದು ಅನ್ನೋದಕ್ಕೆ ಅಷ್ಟು ಸಾಕು. ಮಾಮೂಲಿ ಡ್ರೈ ಸೆಲ್ಲಿನ ಮಾನದಂಡ ಐಎಸ್ 8144. ಐಎಸ್‌ಐ ಗುರುತಿನ ಜೊತೆ ‘ಸಿಎಂ/ಎಲ್’ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತೆ. ಅದನ್ನು ‘ಬಿಐಎಸ್ ಕೇರ್’ ಆ್ಯಪ್‌ಗೆ ಹಾಕಿದರೆ ಯಾವ ಕಂಪನಿಯ ಲೈಸೆನ್ಸ್ ಅಂತ ತೋರಿಸುತ್ತೆ. ಸೆಲ್ಲಿನ ಮೇಲೊಂದು ಕಂಪನಿ, ಆ್ಯಪ್‌ನಲ್ಲಿ ಇನ್ನೊಂದು ಬಂದರೆ ವಾಪಸ್ ಕಳಿಸಿ.

ಚಾರ್ಜ್ ಸೆಲ್ಲು, ಗುಂಡಿ ಸೆಲ್ಲು: ಇಲ್ಲಿ ಅಪಾಯ ಜಾಸ್ತಿ

ತಲೆಗೆ ಕಟ್ಟುವ ಲೈಟು, ಚಾರ್ಜಿಂಗ್ ಟಾರ್ಚುಗಳಿಗೆ ‘18650’ ಅನ್ನೋ ಲಿಥಿಯಂ ಸೆಲ್ಲು ಬರುತ್ತೆ: 18 ಮಿ.ಮೀ. ಅಗಲ, 65 ಮಿ.ಮೀ. ಉದ್ದ. ಈ ಅಳತೆಯೊಳಗೆ ಒಳ್ಳೆ ಕಂಪನಿಗಳು ತುಂಬಿಸಿರೋದೇ ಸುಮಾರು 3,500 ಎಂಎಎಚ್. ಹಾಗಿರುವಾಗ ‘9,900 ಎಂಎಎಚ್’ ಅಂತ ಬರೆದಿದ್ದರೆ ಅದು ಹಸಿ ಸುಳ್ಳು, ಪರೀಕ್ಷೆ ಬೇಡ. ಅಸಲಿ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ. ಕಳಪೆ ಲಿಥಿಯಂ ಸೆಲ್ಲು ಚಾರ್ಜ್‌ಗೆ ಹಾಕಿದಾಗ ಬೆಂಕಿ ಹತ್ತಬಹುದು, ರಾತ್ರಿ ಹಾಸಿಗೆ ಪಕ್ಕ ಚಾರ್ಜ್‌ಗಿಟ್ಟು ಮಲಗಬೇಡಿ.

ಗುಂಡಿ ಸೆಲ್ಲಿನಲ್ಲಿ ಹೆಚ್ಚು ಬಳಕೆಯದು ‘ಸಿಆರ್2032’. ಅಗ್ಗದ ಆಟಿಕೆಗಳಲ್ಲಿ ಮುಚ್ಚಳಕ್ಕೆ ಸ್ಕ್ರೂ ಕೂಡ ಇರಲ್ಲ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ವಾಂತಿ ಮಾಡಿಸಬೇಡಿ, ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಇದು ಅಸಲಿ ಸೆಲ್ಲಿಗೂ ಅನ್ವಯ.

ಅಂಗಡಿಯವರು ಗಮನಿಸಿ

ಆನ್‌ಲೈನ್‌ನಲ್ಲಿ ಬಾಕ್ಸ್‌ಗಟ್ಟಲೆ ತರಿಸಿ ಚಿಲ್ಲರೆ ಮಾರುವ ಅಂಗಡಿಯವರಿಗೆ ಎರಡು ಕಡೆಯಿಂದ ಪೆಟ್ಟು. ಮರುಮಾರಾಟಕ್ಕೆ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ‘ಗ್ರಾಹಕ’ ಅಲ್ಲ, ಹಾಗಾಗಿ ಆ ದಾರಿ ಮುಚ್ಚಿದೆ. ಇನ್ನೊಂದು ಕಡೆ, ನಕಲಿ ಬ್ರ್ಯಾಂಡ್ ಮಾಲು ಮಾರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 104ನೇ ಕಲಂ ಅಂಗಡಿಯವರ ಮೇಲೇ ಬರುತ್ತೆ: 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಎಚ್ಚರ ವಹಿಸಿದ್ದೆ, ಅನುಮಾನಕ್ಕೆ ಕಾರಣ ಇರಲಿಲ್ಲ, ಇಂಥವರಿಂದ ತಂದೆ ಅಂತ ತೋರಿಸಿದರೆ ಪಾರಾಗುವ ಅವಕಾಶ ಅದೇ ಕಲಂನಲ್ಲಿದೆ. ತೋರಿಸೋಕೆ ಜಿಎಸ್‌ಟಿ ಬಿಲ್ ಬೇಕು. ಬಿಲ್ ಇಲ್ಲದೆ ಬೈಕಿನಲ್ಲಿ ತಂದು ಕೊಟ್ಟು ಹೋಗುವ ಮಾಲಿಗೂ ಇದೇ ಮಾತು.

ನಕಲಿ ಬಂದರೆ

ಪಾರ್ಸೆಲ್ ಒಡೆಯುವಾಗಲೇ ವಿಳಾಸದ ಚೀಟಿ ಕಾಣುವ ಹಾಗೆ ವಿಡಿಯೊ ಮಾಡಿ. ತೋಟದ ಮನೆಗೆ ರಿಟರ್ನ್ ತಗೊಳ್ಳೋಕೆ ಬರುವವರು ತಡ ಮಾಡಬಹುದು, ಆದ್ದರಿಂದ ಬಂದ ದಿನವೇ ತೂಕ ಹಾಕಿ, ಬಿಚ್ಚದ ಪ್ಯಾಕ್ ಮೇಜಿನ ಡ್ರಾದಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಆ್ಯಪ್‌ನ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂತು ಅಂತ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗ ಇದೆ. ಮಾರಿದವನು ದೆಹಲಿಯಲ್ಲಿದ್ದರೂ ಕೊಂಡವರ ಊರಿನ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕ ಇಲ್ಲ.

ದೂರು ಮುಗಿಯೋ ತನಕ ಆ ಸೆಲ್ಲು ಬಿಸಾಡಬೇಡಿ, ಅದೇ ಸಾಕ್ಷಿ. ಟಾರ್ಚಿನ ಒಳಗಂತೂ ಬಿಡಬೇಡಿ, ಸೋರಿದರೆ ಸ್ಪ್ರಿಂಗ್ ಕಿಲುಬು ಹಿಡಿದು ಟಾರ್ಚೂ ಹಾಳು. ಮುಗಿದ ಮೇಲೂ ಬಚ್ಚಲ ಒಲೆಗೆ ಹಾಕಬಾರದು, ಬಿಸಿಗೆ ಸಿಡಿಯುತ್ತದೆ. ಒಣ ಡಬ್ಬದಲ್ಲಿ ಬೇರೆ ಇಟ್ಟು ಪಂಚಾಯಿತಿಯ ಕಸದ ಗಾಡಿಗೆ ಸೆಲ್ಲು ಅಂತ ಹೇಳಿ ಕೊಡಿ.