ಹೊಲ ಕಾಯುವ ಬಟ್ಟೆ

ಬಟ್ಟೆ ಎಂದೊಡನೆ ಅಂಗಿ, ಸೀರೆ, ಹಾಸಿಗೆ ನೆನಪಾಗುವುದು ಸಹಜ. ಆದರೆ ಉಡುವುದಕ್ಕೂ ಅಂದಕ್ಕೂ ಅಲ್ಲದ ಬಟ್ಟೆಗಳಿವೆ. ಬೆಳೆ ಕಾಯುವುದು, ರಸ್ತೆಯಡಿಯ ಮಣ್ಣು ಹಿಡಿಯುವುದು, ಗುಂಡು ತಡೆಯುವುದು ಅವುಗಳ ಕೆಲಸ. ಇವೇ ‘ತಾಂತ್ರಿಕ ಜವಳಿ’.

ಇವುಗಳ ಪರಿಚಯಕ್ಕೆ ದೂರ ಹೋಗಬೇಕಿಲ್ಲ. ಕುಪ್ಪೇಲೂರು ಸೇರಿರುವ ರಾಣೆಬೆನ್ನೂರು ತಾಲ್ಲೂಕು ಹತ್ತಿಗೆ ಮಾತ್ರವಲ್ಲ, ಸಂಕರಣ ಬೀಜೋತ್ಪಾದನೆಗೂ ಹೆಸರುವಾಸಿ. ಟೊಮೆಟೊ ಬೀಜ ಬೆಳೆಯುವವರು ಹೂವಿನ ಕೇಸರಗಳನ್ನು ಚಿಮುಟದಿಂದ ಕಿತ್ತು, ಬೇರೆ ತಳಿಯ ಪರಾಗವನ್ನು ಕೈಯಿಂದಲೇ ಮುಟ್ಟಿಸುತ್ತಾರೆ. ನಡುವೆ ದುಂಬಿಯೊಂದು ಬೇರೆ ಪರಾಗ ತಂದರೆ ಬೀಜ ಕಲಬೆರಕೆ. ಬಿಳಿನೊಣ ನುಗ್ಗಿದರೆ ಎಲೆ ಮುಟುರು ರೋಗ. ಯಾವುದಾದರೂ ಪೆಟ್ಟು ಬೀಳುವುದು ಇಡೀ ಸಂಸಾರದ ದುಡಿಮೆಗೆ.

ಇಂಥಲ್ಲಿ ಕಾವಲು ನಿಲ್ಲುವುದು ಕೀಟ ತಡೆಯುವ ಪರದೆ. ಒಂದು ಅಂಗುಲಕ್ಕೆ 40ರಿಂದ 50 ಕಂಡಿಗಳಿರುವ ಈ ನೆಯ್ಗೆಯ ಎಳೆ ಹತ್ತಿಯದಲ್ಲ, ಪಾಲಿಎಥಿಲೀನಿನದು. ಬಿಸಿಲಿನ ಅತಿನೇರಳೆ ಕಿರಣಗಳು ಅದರ ಉದ್ದನೆಯ ಅಣುಗಳನ್ನು ತುಂಡರಿಸುತ್ತವೆ. ಆದ್ದರಿಂದ ಎಳೆ ತಯಾರಿಸುವಾಗಲೇ ರಕ್ಷಕ ರಾಸಾಯನಿಕ ಬೆರೆಸುತ್ತಾರೆ. ಆದರೂ ಒಂದು ಇಕ್ಕಟ್ಟು ಉಳಿಯುತ್ತದೆ: ಕಂಡಿ ಕಿರಿದಾದಷ್ಟೂ ಕೀಟಕ್ಕೆ ತಡೆ, ಜೊತೆಗೇ ಗಾಳಿಗೂ ತಡೆ. ಒಳಗೆ ಸೆಕೆ ಮೀರಿದರೆ ಹೂವು ಉದುರುತ್ತದೆ.

ಎಳೆಯ ಗುಣವೇ ಬಟ್ಟೆಯ ಗುಣ. ಹತ್ತಿ ಬೆವರು ಹೀರುತ್ತದೆ, ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಪಾಲಿಯೆಸ್ಟರ್ ನೀರನ್ನು ಹೀರುವುದೇ ಅಪರೂಪ. ಅಮೆರಿಕದ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಮಾಡಿದ ಶೋಧದಿಂದ ಬಂದ ಕೆವ್ಲಾರ್ ಎಳೆಯು ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಐದು ಪಟ್ಟು ಬಲಶಾಲಿ.

ಇನ್ನು ‘ಜಾಣ ಬಟ್ಟೆ’ಗಳು ಸುತ್ತಲಿನ ಬದಲಾವಣೆಗೆ ತಕ್ಕಂತೆ ತಾವೂ ಬದಲಾಗುತ್ತವೆ. ಒಂದು ಬಗೆಯಲ್ಲಿ ಮೇಣದ ಸೂಕ್ಷ್ಮ ಗುಳಿಗೆಗಳಿರುತ್ತವೆ. ಮೈ ಬಿಸಿಯಾದರೆ ಮೇಣ ಕರಗಿ ಶಾಖ ಹೀರುತ್ತದೆ. ತಂಪಾದರೆ ಹೆಪ್ಪುಗಟ್ಟಿ ಅದನ್ನು ಮರಳಿಸುತ್ತದೆ. 1980ರ ದಶಕದಲ್ಲಿ ನಾಸಾ, ಗಗನಯಾತ್ರಿಗಳ ಕೈಗವಸಿಗಾಗಿ ಈ ಸಂಶೋಧನೆಗೆ ನೆರವು ನೀಡಿತ್ತು.

ಕೇಂದ್ರ ಸರ್ಕಾರ 2020ರಲ್ಲಿ 1,480 ಕೋಟಿ ರೂಪಾಯಿಯ ರಾಷ್ಟ್ರೀಯ ತಾಂತ್ರಿಕ ಜವಳಿ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತವೇ ಈ ವಿದ್ಯೆಗೆ ಬುನಾದಿ. ಮಗ ಅಥವಾ ಮಗಳು ‘ಜವಳಿ ಓದುತ್ತೇನೆ’ ಎಂದರೆ ಬಟ್ಟೆ ಅಂಗಡಿಯಷ್ಟೇ ಪಾಲಕರ ಕಣ್ಮುಂದೆ ಬರಬೇಕಿಲ್ಲ. ಬಿಳಿನೊಣವನ್ನು ಹೊರಗಿಟ್ಟು ಗಾಳಿಯನ್ನು ಧಾರಾಳವಾಗಿ ಒಳಬಿಡುವ ಪರದೆ ಬೇಕಾಗಿದೆ. ಪರದೆಯೊಳಗಿನ ಸೆಕೆಯಲ್ಲಿ ಹೂವು ಮುಟ್ಟಿಸಿ ಬೆಳೆದ ಮಕ್ಕಳಿಗಿಂತ ಚೆನ್ನಾಗಿ ಆ ಕೊರತೆಯನ್ನು ಬಲ್ಲವರಾದರೂ ಯಾರು?