ಟುಲಿಪ್ ಗೆಡ್ಡೆ ತಿಂದ ಚಳಿಗಾಲ

ಟುಲಿಪ್ ಹೂವಿನ ಗೆಡ್ಡೆ ತಿಂದಿದ್ದೀರಾ? ನೆದರ್‌ಲೆಂಡ್ಸ್‌ನವರು ತಿಂದಿದ್ದಾರೆ! ಬೇಯಿಸಿ, ಅರೆದು, ಗಂಜಿ ಮಾಡಿ ಕುಡಿದಿದ್ದಾರೆ. ಬೇರೇನೂ ಇರಲಿಲ್ಲ.

1944–45ರ ಚಳಿಗಾಲ. ದೇಶದ ಪಶ್ಚಿಮದ ಊರುಗಳಿಗೆ ಆಹಾರ ಸಾಗದಂತೆ ನಾಜಿಗಳು ತಡೆದರು. ಕಾಲುವೆಗಳು ಹೆಪ್ಪುಗಟ್ಟಿದವು. ಪಡಿತರ ಇಳಿಯಿತು, ಇನ್ನೂ ಇಳಿಯಿತು, ದಿನಕ್ಕೆ ಸಾವಿರ ಕ್ಯಾಲೊರಿಗೂ ಕೆಳಗೆ! ಸತ್ತವರು ಸುಮಾರು 20,000. 1945ರ ಮೇ ತಿಂಗಳಲ್ಲಿ ಬಿಡುಗಡೆ. ಹಸಿವು ಕತ್ತರಿಸಿದಂತೆ ನಿಂತಿತು.

ಸ್ವಾರಸ್ಯ ಇರುವುದು ಅಲ್ಲೇ! ಯಾವ ಬರಗಾಲ ಹೀಗೆ ದಿನಾಂಕ ಹಾಕಿಕೊಂಡು ಬಂದು ಹೋಗುತ್ತದೆ ಹೇಳಿ? ಡಚ್ಚರ ಲೆಕ್ಕಪತ್ರವೋ, ಅಬ್ಬಾ! ಯಾರು ಯಾವಾಗ ಹುಟ್ಟಿದರು, ಆಗ ಪಡಿತರ ಎಷ್ಟಿತ್ತು, ಮುಂದೆ ಯಾರು ಮನೋರೋಗದ ಆಸ್ಪತ್ರೆ ಸೇರಿದರು, ಎಲ್ಲವೂ ಕಡತದಲ್ಲಿ. ಎಜ್ರಾ ಸಸರ್ ಮತ್ತು ಶಾಂಗ್ ಲಿನ್ ಎಂಬ ಸಂಶೋಧಕರು ಅವನ್ನು ಜೋಡಿಸಿ ನೋಡಿದರು. 1992ರಿಂದ ಪ್ರಕಟಿಸತೊಡಗಿದರು.

ಈಗ ನೀವು ಹೇಳಿ. ಯಾವ ಬಸುರಿಯ ಮಗುವಿಗೆ ಮುಂದೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಬರುವ ಸಂಭವ ಹೆಚ್ಚಾಯಿತು? ದಿನ ತುಂಬಿದವಳದ್ದೇ? ನಮ್ಮಲ್ಲಿ ಸೀಮಂತ ಮಾಡುತ್ತಾರಲ್ಲ, ಆ ಹೊತ್ತಿನವಳದ್ದೇ?

ಎರಡೂ ಅಲ್ಲ! ಹಸಿವಿನ ತುತ್ತತುದಿಯಲ್ಲಿ ಗರ್ಭ ನಿಂತವಳದ್ದು! ಹಸಿವಿಗೇ ಎಷ್ಟೋ ಹೆಂಗಸರ ಮುಟ್ಟು ನಿಂತುಹೋಗಿದ್ದ ಕಾಲ ಅದು. ಬಸುರಿ ಎಂದು ಅವಳಿಗಾದರೂ ಗೊತ್ತಾಗುವುದು ಹೇಗೆ?

ಆ ಮಕ್ಕಳು ಹುಟ್ಟಿದ್ದು 1945ರ ಕೊನೆಯಲ್ಲಿ. ಅಷ್ಟರಲ್ಲಿ ಮನೆಯಲ್ಲಿ ಬ್ರೆಡ್ ಇತ್ತು! ಹುಟ್ಟಿದ ಮೇಲೆ ಬರಗಾಲ ಕಾಣದ ಕೂಸುಗಳು! ಆದರೂ ದೊಡ್ಡವರಾದಾಗ ಅವರಲ್ಲಿ ಸ್ಕಿಜೋಫ್ರೇನಿಯಾ ಎಷ್ಟು?

ಎರಡು ಪಟ್ಟು!

ಅದೇ ಗುಂಪಿನಲ್ಲಿ ಮಿದುಳು, ಬೆನ್ನುಹುರಿಯ ಹುಟ್ಟುದೋಷವೂ ಹೆಚ್ಚು. ಮಿದುಳು, ಬೆನ್ನುಹುರಿ ಎರಡೂ ರೂಪುಗೊಳ್ಳುವ ಆ ಪುಟ್ಟ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ನಾಲ್ಕೇ ವಾರದೊಳಗೆ, ಗೊತ್ತೇ!

ಕಾಕತಾಳೀಯ ಅಂತೀರಾ? ಚೀನಾಕ್ಕೆ ಬನ್ನಿ. 1959–61ರ ಮಹಾಕ್ಷಾಮ, ಅನ್ಹುಯಿ ಪ್ರಾಂತ್ಯದ ವುಹು. 1959ರಲ್ಲಿ ಹುಟ್ಟಿದವರಲ್ಲಿ ಈ ಕಾಯಿಲೆ ಬಂದದ್ದು ನೂರಕ್ಕೆ 0.84 ಮಂದಿಗೆ. 1960ರಲ್ಲಿ ಹುಟ್ಟಿದವರಲ್ಲಿ? ಊಹಿಸಿ. 2.15!

ಸರಿ, ಮಿಕ್ಕ ಸುಮಾರು 98 ಮಂದಿ? ಅದೇ ಊರು, ಅದೇ ಹಸಿವು, ಕಾಯಿಲೆ ಇಲ್ಲ! ಹಸಿವೊಂದೇ ಆಟವಾಡುತ್ತಿಲ್ಲ. ಜೀನ್‌ಗಳೂ ಕಣದಲ್ಲಿವೆ. ಹಾಗೆಂದು ಎಲ್ಲ ಜೀನ್‌ಗಳದ್ದೇ ಅನ್ನಬೇಡಿ! ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಖಂಡಿತ ಎಂದುಕೊಂಡಿರಾ? ಹೆಚ್ಚೆಂದರೆ ಅರ್ಧದಷ್ಟು! 2022ರ ಅಧ್ಯಯನ ಈ ಕಾಯಿಲೆಯೊಂದಿಗೆ ನಂಟಿರುವ ತಾಣಗಳನ್ನು ನಮ್ಮ ಜೀನೋಮ್‌ನಲ್ಲಿ ಎಣಿಸಿತು. ಒಂದೆರಡಲ್ಲ, 287! ಒಂದೊಂದರದೂ ಚಿಟಿಕೆಯಷ್ಟೇ ಪಾಲು.

ಇನ್ನೊಂದು ಹೇಳದೆ ಇರಲಾರೆ! ನೆದರ್‌ಲೆಂಡ್ಸ್‌ನ ಆ ಚಳಿಗಾಲದಲ್ಲಿ ಗರ್ಭ ನಿಂತು ಹುಟ್ಟಿದ 60 ಮಂದಿಯ ರಕ್ತವನ್ನು ಅವರವರ ಒಡಹುಟ್ಟಿದವರ ರಕ್ತದ ಜೊತೆ ಹೋಲಿಸಿದರು. ಐಜಿಎಫ್2 ಎಂಬ ಜೀನ್ ನೋಡಿದರು. ಜೀನ್ ಎಷ್ಟು ದುಡಿಯಬೇಕೆಂದು ಹೇಳುವ ಮೀಥೈಲ್ ಚುಕ್ಕಿಗಳು ಅದರ ಮೇಲೆ ಅಂಟಿರುತ್ತವೆ. ಇವರಲ್ಲಿ ಅವು ಕಡಿಮೆ! ಅದು ಕಾಯಿಲೆಯ ಗುರುತಲ್ಲ, ಬರೀ ಹಸಿವಿನ ಗುರುತು. ಅಮ್ಮನ ಹೊಟ್ಟೆಯಲ್ಲಿ ಬಿದ್ದದ್ದು.

ರಕ್ತ ಕೊಟ್ಟಾಗ ಅವರ ವಯಸ್ಸು? ಅರವತ್ತರ ಆಸುಪಾಸು!