ಮೂರು ಪ್ರಶ್ನೆ, ನಾಲ್ಕು ತಾಲೂಕು



ನನ್ನ ತರಗತಿಯ ಹುಡುಗಿಯೊಬ್ಬಳು ಪತ್ರಿಕೆಯ ಬಣ್ಣದ ಪುಟವೊಂದನ್ನು ಕತ್ತರಿಸಿ ಕನ್ನಡ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು. ಪ್ಯಾರಿಸ್ ನಗರದ ಬೆಡಗಿಯೊಬ್ಬಳೊಡನೆ ನಡೆಸಿದ ಸಂದರ್ಶನವದು. ಕೇಳಿದ್ದು ಮೂರೇ ಪ್ರಶ್ನೆ. ನಿಮಗೆ ಇಷ್ಟವಾದ ತಿನಿಸು ಯಾವುದು? ಅಲಂಕಾರ ಯಾವುದು? ಸಂಗೀತ ಯಾವುದು? ಆಕೆ ಮೂರಕ್ಕೂ ತಡವರಿಸದೆ ಉತ್ತರ ಕೊಟ್ಟಿದ್ದಳು. ಬೆಳಿಗ್ಗೆ ಕಾಫಿಯ ಜೊತೆ ಬೆಣ್ಣೆ ಹಚ್ಚಿದ ಬ್ರೆಡ್, ಕಿವಿಯ ಹಿಂದೆ ಎರಡು ಹನಿ ಸುಗಂಧ, ರಾತ್ರಿ ಹಳೆಯ ಫ್ರೆಂಚ್ ಹಾಡುಗಳು. ಹುಡುಗಿಯನ್ನು ಗದರಿಸಬೇಕೆಂದೇ ಆ ಪುಟ ಕೈಗೆತ್ತಿಕೊಂಡಿದ್ದೆ. ಓದಿದ ಮೇಲೆ ಬೇರೆಯೇ ಯೋಚನೆ ತಲೆಗೆ ಹೊಕ್ಕಿತು. ಈ ಮೂರು ಪ್ರಶ್ನೆಗಳನ್ನು ನಮ್ಮ ಹೆಂಗಸರಿಗೆ ಯಾರಾದರೂ ಎಂದಾದರೂ ಕೇಳಿದ್ದಾರೆಯೇ?

ಸರಿ, ನಾನೇ ಕೇಳತೊಡಗಿದೆ. ನಮ್ಮ ಬಂಧುಗಳೂ ಹಳೆಯ ವಿದ್ಯಾರ್ಥಿನಿಯರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಹರಡಿಕೊಂಡಿದ್ದಾರೆ. ಮದುವೆ, ಅಕೀಕಾ ಎಂದು ಹೋದಲ್ಲೆಲ್ಲ, ಊಟ ಮುಗಿದು ಹೆಂಗಸರು ಗೋಡೆಗೊರಗಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಮಾತು ತೆಗೆಯುತ್ತಿದ್ದೆ.

ನಾಲ್ಕೂ ಒಂದೇ ಜಿಲ್ಲೆಯ ತಾಲೂಕುಗಳಾದರೂ ನಾಲ್ಕರ ತಟ್ಟೆ ಒಂದೇ ಅಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾದದ್ದು ಆಮೇಲಿನ ಮಾತು. (ದಖನಿ ಮಾತಾಡುವ ಕಿವಿಗೆ ಆ ಊರಿನ ಹೆಸರು ‘ನಿಅಮತ್’ ಎಂದೇ ಕೇಳುತ್ತದೆ. ಎರಡಕ್ಕೂ ನಂಟು ಕಟ್ಟಲು ನಾನು ಹೋಗುವುದಿಲ್ಲ, ಕೇಳಲು ಚೆನ್ನ ಅಷ್ಟೇ.) ಭದ್ರಾ ನಾಲೆಯ ನೀರು ಬರುವ ಕಡೆ ಭತ್ತ, ಅಡಿಕೆ ತೋಟ. ಅಲ್ಲಿ ಮನೆಗಳಲ್ಲಿ ಖುಸ್ಕಾ, ದಾಲ್ಚಾ, ಅಕ್ಕಿರೊಟ್ಟಿ. ಮಳೆ ನಂಬಿದ ಜಗಳೂರಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹುರುಳಿಕಾಳಿನ ಸಾರು. ಈದ್ ದಿನ ಮಾತ್ರ ಎಲ್ಲ ಕಡೆಯೂ ಶೀರ್‌ಖುರ್ಮಾ.

ಊಟದ ಪ್ರಶ್ನೆಗೆ ಬಂದ ಉತ್ತರಗಳನ್ನು ಕೇಳಿ. ಚನ್ನಗಿರಿಯ ಒಬ್ಬರು, “ನಮ್ಮ ಮನೆಯವರಿಗೆ ಖೀಮಾ ಅಂದ್ರೆ ಪ್ರಾಣ” ಎಂದರು. ನಾನು, “ಅವರದಲ್ಲ ಆಪಾ, ನಿಮ್ಮದು” ಎಂದೆ. “ಮಕ್ಕಳಿಗೆ ಮೊಟ್ಟೆ ಇದ್ರೆ ಸಾಕು” ಎಂದರು. ಹೊನ್ನಾಳಿಯ ಚಾಚಿಯೊಬ್ಬರು ಅತ್ತೆಗೆ ಏನು ಇಷ್ಟವಿತ್ತು ಎಂದು ಹೇಳಿದರು. ಆ ಅತ್ತೆ ತೀರಿಹೋಗಿ ಎಷ್ಟೋ ವರ್ಷವಾಗಿದೆ! ಜಗಳೂರಿನ ಹಿರಿಯ ಖಾಲಾ ಒಬ್ಬರು ನನ್ನ ಮುಖವನ್ನೇ ನೋಡಿ, “ಹಮಾರಾ ಪಸಂದ್ ಕೌನ್ ಪೂಚ್ತೆ ಮಾ?” ಎಂದರು. ನಮ್ಮ ಇಷ್ಟ ಯಾರು ಕೇಳ್ತಾರಮ್ಮಾ? ನಕ್ಕೇ ಹೇಳಿದರು. ಎಲ್ಲರೂ ನಕ್ಕರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಪ್ಯಾರಿಸಿನವಳ ಕಾಫಿಯ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ನಗರದ ಶ್ರೀಮಂತರಿಗೆ ಕಾಫಿಯ ಹುಚ್ಚು ಹಿಡಿಸಿದವರು 1669ರಲ್ಲಿ ಅಲ್ಲಿಗೆ ಹೋದ ತುರ್ಕಿಯ ರಾಯಭಾರಿ ಸುಲೈಮಾನ್ ಆಗಾ. ಅದೇ ಶತಮಾನದಲ್ಲಿ ಬಾಬಾಬುಡನ್ ಅವರು ಹಜ್ಜ್ ಮುಗಿಸಿ ಬರುವಾಗ ಯಮನ್‌ನಿಂದ ಕಾಫಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂದು ಪ್ರತೀತಿ. ಚನ್ನಗಿರಿಯಿಂದ ಆ ಬೆಟ್ಟ ಬಹಳ ದೂರವೇನಲ್ಲ. ಅವಳ ಕಾಫಿಯೂ ನಮ್ಮ ಕಾಫಿಯೂ ಒಂದೇ ಮನೆತನದವು ಎನ್ನಿ. ಆದರೆ ಅವಳು ಬಿಸಿಯಾಗಿ ಕುಡಿಯುತ್ತಾಳೆ. ನಮ್ಮವಳು ಎಲ್ಲರಿಗೂ ಕೊಟ್ಟು, ಡಬ್ಬಿ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿ, ಆರಿದ ಮೇಲೆ ಕುಡಿಯುತ್ತಾಳೆ.

ಪ್ರವಾದಿ(ಸ)ರು ಊಟಕ್ಕೆ ಎಂದೂ ಹೆಸರಿಡುತ್ತಿರಲಿಲ್ಲ, ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು ಎಂದು ಬುಖಾರಿಯಲ್ಲಿದೆ. ಈ ಹದೀಸನ್ನು ನಾವು ಹೆಣ್ಣುಮಕ್ಕಳಿಗೆ ಚೆನ್ನಾಗಿ ಕಲಿಸುತ್ತೇವೆ. ಉಪ್ಪು ಹೆಚ್ಚಾಯಿತೆಂದು ತಟ್ಟೆ ನೂಕುವ ಗಂಡುಮಕ್ಕಳಿಗೆ ಕಲಿಸಿದ್ದೇವೆಯೇ?

ಅಲಂಕಾರದ ಪ್ರಶ್ನೆಗೆ ಮಾತ್ರ ಎಲ್ಲರ ಮುಖ ಅರಳಿತು. ಮೆಹಂದಿ ಎಂದರು, ಒಬ್ಬರೂ ಬಿಡದೆ. ಚನ್ನಗಿರಿ ಕಡೆಯ ಅಡಿಕೆ ಸುಲಿಯುವ ಹೆಂಗಸರ ಕೈ ನೋಡಿದ್ದೀರಾ? ಈಗ ಸುಲಿಯುವ ಯಂತ್ರಗಳು ಬಂದಿವೆ, ಆದರೂ ಮೆಟ್ಟುಗತ್ತಿಯ ಮುಂದೆ ಕೂರುವವರು ಇದ್ದೇ ಇದ್ದಾರೆ. ಹಸಿ ಅಡಿಕೆಯ ಕರೆ ಬೆರಳ ಸಂದಿಗೆ ಇಳಿದು ಕಪ್ಪಾಗುತ್ತದೆ, ಸೋಪಿಗೆ ಹೋಗುವುದಿಲ್ಲ. ಅಂಥ ಕೈಯ ಒಬ್ಬಾಕೆ ನನಗೆ ಹೇಳಿದಳು: “ಸುಗ್ಗಿ ಮುಗಿದು ಕರೆ ಹೋದ ಮೇಲೆ ಮೊದಲು ಮೆಹಂದಿ ಹಚ್ಕೋತೀನಿ ಟೀಚರ್. ಆಗ ಕೈ ನಂದು ಅನ್ನಿಸ್ತದೆ.” ಮೂರು ಪ್ರಶ್ನೆಗಳಲ್ಲಿ ತನ್ನ ಬಗ್ಗೆಯೇ ಮಾತಾಡಿದ ಮೊದಲ ಉತ್ತರ ಅದು.

ಆದರೆ ಇದೇ ಮೆಹಂದಿಯ ವಿಷಯದಲ್ಲಿ ಒಂದು ಕಹಿ ಸಂಗತಿ ಹೇಳಲೇಬೇಕು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ನಿಕಾಹ್‌ಗೆ ಹೋಗಿದ್ದೆ. ಮದುಮಗಳ ಎರಡು ಕೈಗೂ ಬಟ್ಟೆ ಸುತ್ತಿತ್ತು. ಹತ್ತು ನಿಮಿಷದಲ್ಲಿ ಕಪ್ಪು ಬಣ್ಣ ಬರುತ್ತದೆಂದು ಯಾರೋ ತಂದ ಕೋನ್ ಹಚ್ಚಿದ್ದರು. ಬೆಳಗಾಗುವಷ್ಟರಲ್ಲಿ ಚಿತ್ತಾರ ಇದ್ದಲ್ಲೆಲ್ಲ ಬೊಬ್ಬೆ ಎದ್ದಿತ್ತು. ಸಹಿ ಹಾಕಲು ಪೆನ್ನು ಹಿಡಿಯಲಾಗದೆ ಆ ಮಗು ಅಳುತ್ತಿತ್ತು.

ತಿಳಿದಿರಲಿ, ಸೊಪ್ಪಿನ ಮೆಹಂದಿ ಎಂದಿಗೂ ಕಪ್ಪಾಗುವುದಿಲ್ಲ. ಮೆಹಂದಿ ಎಲೆಯೊಳಗಿನ ಬಣ್ಣದ ಅಂಶ ಚರ್ಮಕ್ಕೆ ಹಿಡಿಯಲು ಕೆಲವು ಗಂಟೆ ಬೇಕು. ಮೊದಲು ಕಿತ್ತಳೆ ಬಣ್ಣ, ಒಂದೆರಡು ದಿನದಲ್ಲಿ ಗಾಢ ಕೆಂಪು, ಕಂದು. ನಿಮಿಷಗಳಲ್ಲಿ ಕಪ್ಪು ಬಂತೆಂದರೆ ಅದಕ್ಕೆ ಕೂದಲಿಗೆ ಹಚ್ಚುವ ಬಣ್ಣದ ರಾಸಾಯನಿಕ, ಅಂದರೆ ಪ್ಯಾರಾಫಿನೈಲಿನ್‌ಡೈಅಮೀನ್ ಬೆರೆಸಿದ್ದಾರೆಂದೇ ಅನುಮಾನಿಸಿ. ಅದು ಚರ್ಮ ಸುಡಬಹುದು, ಕಲೆ ಉಳಿಸಬಹುದು. ಒಮ್ಮೆ ಅದರ ಅಲರ್ಜಿ ಅಂಟಿದರೆ ಜೀವಮಾನವಿಡೀ ಹೇರ್‌ಡೈ ಹಚ್ಚಿದಾಗಲೂ ಕಾಡಬಹುದು. ಸುರ್ಮಾ ವಿಷಯವೂ ಅಷ್ಟೇ. ಪೇಟೆಯ ಎಷ್ಟೋ ಸುರ್ಮಾಗಳಲ್ಲಿ ಸೀಸ ಇರುತ್ತದೆ. ಸೀಸ ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಕೆಡುಕು. ಸುನ್ನತ್ ಎಂದು ಹಸುಗೂಸಿನ ಕಣ್ಣಿಗೆ ಸಿಕ್ಕಿದ್ದನ್ನು ತೀಡುವ ಮೊದಲು ಡಬ್ಬಿಯಲ್ಲಿ ಏನಿದೆ ಎಂದು ಕೇಳಿ. ಬೆಳ್ಳಗಾಗುವ ಕ್ರೀಮುಗಳದ್ದು ಇನ್ನೊಂದು ಕಥೆ. ತಯಾರಕರ ವಿಳಾಸವೇ ಇಲ್ಲದ ಕೆಲವು ಡಬ್ಬಿಗಳಲ್ಲಿ ಪಾದರಸ ಇರುತ್ತದೆ, ಅದು ಮೂತ್ರಪಿಂಡ ಕೆಡಿಸುತ್ತದೆ. ದೇಶದಲ್ಲೆಲ್ಲ ಮಾರಾಟವಾಗುವ ಪ್ರಸಿದ್ಧ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನೇ ಕಿತ್ತುಹಾಕಿತು. ಹೆಣ್ಣು ನೋಡಲು ಬರುವ ನಮ್ಮ ಬಂಧುಗಳು ಇನ್ನೂ ಕಿತ್ತುಹಾಕಿಲ್ಲ.

ಸೌಂದರ್ಯ ಇಸ್ಲಾಮ್‌ಗೆ ಅನ್ಯವೆಂದು ತಿಳಿದವರೂ ನಮ್ಮಲ್ಲಿದ್ದಾರೆ. ಪ್ರವಾದಿ(ಸ)ರಿಗೆ ಸುಗಂಧ ಬಹಳ ಇಷ್ಟ, ಯಾರಾದರೂ ಅದನ್ನು ಉಡುಗೊರೆ ಕೊಟ್ಟರೆ ಬೇಡವೆನ್ನುತ್ತಿರಲಿಲ್ಲ. ಇನ್ನು ಊಟ, ಅಲಂಕಾರ, ಸಂಗೀತ ಮೂರನ್ನೂ ಒಟ್ಟಿಗೆ ಕಟ್ಟಿದ ಮನುಷ್ಯನನ್ನು ಹುಡುಕುವುದಾದರೆ ಪ್ಯಾರಿಸಿಗೆ ಹೋಗಬೇಕಿಲ್ಲ. 822ರಲ್ಲಿ ಪೂರ್ವದಿಂದ ಸ್ಪೇನಿನ ಕುರ್ತುಬಾಕ್ಕೆ ಬಂದ ಝಿರ್ಯಾಬ್ ಎಂಬ ಸಂಗೀತಗಾರನಿದ್ದ. ಮೊದಲು ಸೂಪು, ಆಮೇಲೆ ಮಾಂಸ, ಕೊನೆಗೆ ಸಿಹಿ ಎಂಬ ಊಟದ ಕ್ರಮ, ಋತುವಿಗೆ ತಕ್ಕ ಉಡುಪು, ಹೊಸ ಬಗೆಯ ಕೇಶಾಲಂಕಾರ, ಊದ್ ವಾದ್ಯಕ್ಕೆ ಐದನೆಯ ತಂತಿ, ಇವೆಲ್ಲ ಅವನ ಕೊಡುಗೆ ಎಂದು ಚರಿತ್ರೆಕಾರ ಅಲ್ ಮಕ್ಕರಿ ಬರೆದಿದ್ದಾನೆ. ಒಬ್ಬನೇ ಇಷ್ಟೆಲ್ಲ ಮಾಡಿದನೇ ಎಂದು ವಿದ್ವಾಂಸರು ಅನುಮಾನಿಸುವುದುಂಟು. ಇರಲಿ.

ಈಗ ಮೂರನೆಯ ಪ್ರಶ್ನೆ. ಸಂಗೀತ ಎಂದ ಕೂಡಲೇ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮದ್ರಸಾದಲ್ಲಿ ಓದಿದ ನಾನು ಇಂಥದ್ದನ್ನು ಕೇಳುವುದೇ ಎಂಬ ನೋಟ. ವಾದ್ಯಗಳ ಬಗ್ಗೆ ಉಲೆಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಅದನ್ನು ಇಲ್ಲಿ ತೀರ್ಮಾನಿಸಲು ನಾನು ಯಾರು? ಆದರೆ ಈದ್ ದಿನ ಹ. ಆಯಿಶಾ(ರ)ರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದಾಗ ಹ. ಅಬೂಬಕರ್(ರ) ಗದರಿಸಿದ್ದು, ಅವರನ್ನು ಬಿಟ್ಟುಬಿಡಿ ಎಂದು ಪ್ರವಾದಿ(ಸ)ರು ಹೇಳಿದ್ದು ಬುಖಾರಿಯಲ್ಲೇ ಇದೆ. ಅನ್ಸಾರಿ ವರನ ಮನೆಗೆ ಮದುಮಗಳನ್ನು ಕಳಿಸಿದಾಗ, ಹಾಡುಪಾಡು ಏನೂ ಇರಲಿಲ್ಲವೇ, ಅನ್ಸಾರರಿಗೆ ಅದು ಇಷ್ಟವಲ್ಲವೇ ಎಂದು ವಿಚಾರಿಸಿದ್ದೂ ಇದೆ. ಇದನ್ನು ಹೇಳಿದ ಮೇಲೆ ನ್ಯಾಮತಿಯ ಮನೆಯೊಂದರಲ್ಲಿ ಮೂಲೆಯಲ್ಲಿ ಕೂತಿದ್ದ ನಾನಿಯೊಬ್ಬರು ಗಂಟಲು ಸರಿಮಾಡಿಕೊಂಡರು.

ಅವರು ಹಾಡಿದ್ದು ಬೀಸುವಾಗಿನ ಹಾಡು. ನಾಲ್ಕು ಸಾಲು ಬಂತು, ಐದನೆಯದು ಮರೆತುಹೋಯಿತು. ಕೈ ಮಾತ್ರ ನೆಲದ ಮೇಲೆ ಸುತ್ತುತ್ತಲೇ ಇತ್ತು, ಅಲ್ಲಿ ಬೀಸುಕಲ್ಲು ಇದ್ದಂತೆ.

ಸಹೋದರಿಯರೇ, ಇದು ಸಣ್ಣ ಸಂಗತಿಯಲ್ಲ. ಬಿಜಾಪುರದ ಸೂಫಿಗಳು ದಖನಿಯಲ್ಲಿ ಹೆಂಗಸರಿಗಾಗಿಯೇ ಹಾಡು ಬರೆದರು. ಬೀಸಲು ಚಕ್ಕಿನಾಮಾ, ನೂಲಲು ಚರ್ಖಾನಾಮಾ, ಮಗು ತೂಗಲು ಲೋರಿನಾಮಾ, ಮದುವೆಗೆ ಶಾದಿನಾಮಾ. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಬಗೆಗಿನ ಪುಸ್ತಕದಲ್ಲಿ ಇವುಗಳ ಮೇಲೆ ಬರೆದಿದ್ದಾರೆ. ಬೀಸುಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸುವ ಚಕ್ಕಿನಾಮಾ ಒಂದಿದೆ. ಅಲಿಫ್ ಎಂದರೆ ಅಲ್ಲಾಹ್. ಓದು ಬರಹ ಬಾರದ ಹೆಣ್ಣು ಹಿಟ್ಟು ಬೀಸುತ್ತಲೇ ದೀನಿನ ಮೊದಲ ಪಾಠ ಕಲಿತದ್ದು ಹೀಗೆ. ನಾನು ಮದ್ರಸಾದಲ್ಲಿ ವರ್ಷಗಟ್ಟಲೆ ಕಲಿತ ಅಲಿಫನ್ನು ನಮ್ಮ ಮುತ್ತಜ್ಜಿಯರು ಮುಷ್ಟಿಯಲ್ಲಿ ಹಿಡಿದು ತಿರುಗಿಸಿದ್ದರು. ನೆರೆಮನೆಯ ಹಿಂದೂ ಹೆಂಗಸರೂ ಬೀಸುವ ಪದ ಹಾಡುತ್ತಿದ್ದವರೇ. ಹಲಸಂಗಿಯ ಗೆಳೆಯರು 1931ರಲ್ಲೇ ಅಂಥ ಹಾಡುಗಳನ್ನು ಕೂಡಿಸಿ ‘ಗರತಿಯ ಹಾಡು’ ತಂದರು. ನಮ್ಮ ನಾನಿಯರ ಹಾಡು ಬರೆದುಕೊಳ್ಳಲು ನಾವು ಯಾರಿಗಾಗಿ ಕಾಯುತ್ತಿದ್ದೇವೆ? ಹಿಟ್ಟಿನ ಗಿರಣಿ ಬಂದಾಗ ಚಕ್ಕಿ ಹಿತ್ತಿಲು ಸೇರಿತು. ಮದುವೆಗೆ ಧ್ವನಿವರ್ಧಕ ಬಂದಾಗ ಢೋಲಕ್ ಹಾಡುಗಳೂ ಹಿಂದೆ ಸರಿದವು. ಗಿರಣಿ ಬೇಡವೆಂದು ನಾನು ಹೇಳುವುದಿಲ್ಲ, ಬೀಸಿದವರ ರಟ್ಟೆ ನೋವು ನನಗೆ ಗೊತ್ತು. ಹಾಡನ್ನಾದರೂ ಉಳಿಸಿಕೊಳ್ಳಬಹುದಿತ್ತು.

ನ್ಯಾಮತಿಯ ಆ ನಾನಿಯ ಮೊಮ್ಮಗಳು ಮೊಬೈಲಿನಲ್ಲಿ ನಾಲ್ಕು ಸಾಲು ದಾಖಲಿಸಿಕೊಂಡಳು. ಮರುವಾರ ಐದನೆಯದೂ ನೆನಪಾಯಿತಂತೆ, ನಡುರಾತ್ರಿ ಎಬ್ಬಿಸಿ ಹಾಡಿದರಂತೆ. ಅವಳು ಕನ್ನಡ ಲಿಪಿಯಲ್ಲಿ ಬರೆದಿಟ್ಟಿದ್ದಾಳೆ. ಬಣ್ಣದ ಪುಟ ಕತ್ತರಿಸಿಕೊಂಡಿದ್ದ ನನ್ನ ಹುಡುಗಿಗೆ ಅದನ್ನು ತೋರಿಸಿದೆ. ಅವಳೂ ತನ್ನ ದಾದಿಯನ್ನು ಕೇಳುತ್ತೇನೆಂದಳು. ಪ್ಯಾರಿಸಿನ ಪುಟವನ್ನು ಅವಳಿಗೇ ಹಿಂದಿರುಗಿಸಿದ್ದೇನೆ.

ನಿದ್ದೆ ಬಾರದ ಆ ರಾತ್ರಿ ನನಗೆ ನೆನಪಾದದ್ದು ಇನ್ನೊಂದು ಹದೀಸ್. ಮಸೀದಿಯಂಗಳದಲ್ಲಿ ಅಬಿಸೀನಿಯಾದವರು ಭರ್ಜಿಯ ಆಟ ಆಡುತ್ತಿದ್ದರು. ಪ್ರವಾದಿ(ಸ)ರು ಹ. ಆಯಿಶಾ(ರ)ರನ್ನು ತಮ್ಮ ಮರೆಯಲ್ಲಿ ನಿಲ್ಲಿಸಿಕೊಂಡು ಆಟ ತೋರಿಸಿದರು. ಎಷ್ಟು ಹೊತ್ತು? ಅವರಿಗೇ ಸಾಕೆನಿಸುವವರೆಗೆ. ನಿನಗೆ ಸಾಕಾಯಿತೇ ಎಂದು ಕೇಳಿದರು, ಹೌದೆಂದ ಮೇಲೆಯೇ ಹೋಗಲು ಹೇಳಿದರು. ಇಡೀ ಉಮ್ಮತ್‌ನ ಹೊಣೆ ಹೊತ್ತವರಿಗೆ ಹೆಂಡತಿಯ ಇಷ್ಟ ಕೇಳಲು ಹೊತ್ತಿತ್ತು.

ಜಗಳೂರಿನ ಖಾಲಾ ಎರಡು ತಿಂಗಳ ಬಳಿಕ ಸೊಸೆಯ ಫೋನಿನಿಂದ ಮಾತಾಡಿದರು. ಸಲಾಮ್, ಕ್ಷೇಮ ಸಮಾಚಾರ ಎಲ್ಲ ಆದ ಮೇಲೆ ದನಿ ತಗ್ಗಿಸಿ, “ಟೀಚರಮ್ಮ, ಆವತ್ತು ಕೇಳಿದ್ಯಲ್ಲ, ಯೋಚನೆ ಮಾಡ್ದೆ. ನಂಗೆ ಖುರ್ಚನ್ ಇಷ್ಟ” ಎಂದರು. ಖುಸ್ಕಾ ಮಾಡಿದ ಪಾತ್ರೆಯ ತಳಕ್ಕೆ ಹಿಡಿದ, ಕೆಂಪಗೆ ಗರಿಗರಿಯಾದ ಅನ್ನ. “ಯಾರೂ ತಿನ್ನಲ್ಲ ಅಂತ ನಾನು ತಿಂತೀನಿ ಅಂತ ಮನೆಯಲ್ಲೆಲ್ಲ ತಿಳ್ಕೊಂಡಿದ್ದಾರೆ. ನಲವತ್ತು ವರ್ಷದಿಂದ ನಾನೂ ಹೇಳಿಲ್ಲ.”